ಹೊಳೆ ದಾಟಿದ ಗೋವಿನಜೋಳ

ನೇಪಾಳದ ಗಡಿ, ಭಾನುವಾರ

ರಾಣೇಬೆನ್ನೂರಿನ ಅಣ್ಣನವರಿಗೆ ಚನ್ನೇಶನ ನಮಸ್ಕಾರಗಳು.

೧. ಇಲ್ಲಿ ಎರಡು ದೇಶಗಳ ನಡುವಿನ ಗಡಿ ಒಂದು ನದಿ.
೨. ಈ ಮಳೆಗಾಲದಲ್ಲಿ ಅದು ಪಾತ್ರ ಬದಲಿಸಿ, ನಮ್ಮ ಕಡೆಯ ರೈತನೊಬ್ಬನ ಗೋವಿನಜೋಳದ ಹೊಲವನ್ನು ಬೆಳೆಯ ಸಮೇತ ನೇಪಾಳದ ದಂಡೆಗೆ ಸೇರಿಸಿದೆ.
೩. ಆ ನೆಲ ಯಾರದೆಂದು ನಮ್ಮ ತಂಡವೂ ಸೇರಿ ಎರಡೂ ದೇಶಗಳ ಮೋಜಣಿ ತಂಡಗಳು ಇನ್ನೂ ಒಪ್ಪಿಲ್ಲ.

ನಿನ್ನೆ ಆ ರೈತ ಕೊಯ್ಲಿಗೆಂದು ದೋಣಿಯಲ್ಲಿ ಆಚೆಗೆ ಹೋದ, ನಾನೂ ಜೊತೆಗಿದ್ದೆ. ಜಗಳವಾಗುವುದೆಂದು ಭಾವಿಸಿದ್ದೆ. ಆದರೆ ಆಚೆಯ ದಂಡೆಯ ಮುದುಕಿಯೊಬ್ಬಳು ಹೊಲದಲ್ಲಿ ಅಟ್ಟಣೆ ಕಟ್ಟಿಸಿ, ನೆರೆ ಬಂದಾಗಿನಿಂದ ಅವನ ಬೆಳೆಯನ್ನು ಕಾದಿದ್ದಳು.

“ಅರ್ಧ ತೆನೆ ಗಿಳಿಗಳಿಗೆ ತಿನ್ನಿಸಿದ್ದೀಯಲ್ಲ ಅಜ್ಜಿ!” ಎಂದು ಅವನು ಕೆಣಕಿದ.

“ಗಿಳಿಗಳೆಲ್ಲ ನಿನ್ನ ದಂಡೆಯಿಂದಲೇ ಬಂದವು, ಅವನ್ನೇ ಕೇಳು,” ಎಂದವಳೇ ಕುಡುಗೋಲು ಹಿಡಿದು ತಾನೂ ಕೊಯ್ಲಿಗೆ ಇಳಿದಳು. ಹೊಳೆ ಎತ್ತ ಸರಿದರೂ ಬಿತ್ತಿದವನೇ ಕೊಯ್ಯಬೇಕೆಂಬುದು ಎರಡೂ ದಂಡೆಗಳ ರೂಢಿಯಂತೆ. ನನಗೆ ಬಹಳ ಮೆಚ್ಚುಗೆಯಾಯಿತು.

ನೀರು ಬದಲಾಗಿ ನೆಗಡಿಯಾಗಿತ್ತು, ಈಗ ಗುಣವಾಗಿದೆ. ಅತ್ತಿಗೆಯವರು ಕಟ್ಟಿಕೊಟ್ಟ ಶೇಂಗಾ ಚಟ್ನಿ ಮುಗಿಯುತ್ತ ಬಂದಿದೆ.

ನಾನು ಹೊರಡುವಾಗ ನೀವು, “ಆಚೆ ದಂಡಿ ಮರಿಯವ್ವನ ಮೆಣಸಿನಕಾಯಿ ಹೊಲಾನ ತುಂಗಭದ್ರಾ ಹೊಳಿ ನಮ್ಮ ಕಡೆ ತಂದು ಹಾಕೇತಿ. ನೀ ಸರ್ವೇದಾಂವ, ನಮ್ಮದಂತ ಒಂದು ಗೆರಿ ಎಳದುಬಿಡು,” ಎಂದಿದ್ದಿರಿ. ಕಾರ್ಡಿನಲ್ಲಿ ಜಾಗವಿಲ್ಲ, ನೇರವಾಗಿ ಬರೆಯುತ್ತೇನೆ: ಆ ಗೆರೆಯನ್ನು ನಾನು ಎಳೆಯುವುದಿಲ್ಲ. ಮರಿಯವ್ವ ಕಾಯಿ ಬಿಡಿಸಲು ಬರುವ ತನಕ ಆ ಹೊಲ ಕಾಯುವುದು ನಮ್ಮ ಕೆಲಸ. ದೀಪಾವಳಿಗೆ ಬಂದು ಅಟ್ಟಣೆಯನ್ನು ನಾನೇ ಕಟ್ಟುತ್ತೇನೆ.

ಚನ್ನೇಶ