ಕೊನೆ ಯಾರು?

ಬುರ್ರಿಯಾನಾ, ಸ್ಪೇನ್
ನವೆಂಬರ್ ೯, ಭಾನುವಾರ

ನನ್ನ ಬಾಯಿಬಡುಕಿ ರೋದಿಕಾ,

ಫೋನು ಮಾಡದೆ ಕಾಗದ ಯಾಕೆ ಬರೆದಳು ಇವಳು ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನನಗೆ ಮಾತಾಡಲು ನೀನು ಬಿಟ್ಟ ದಿನ ಒಂದಾದರೂ ಇದೆಯೇ? ನಿನ್ನ ಬೇಕರಿಯ ಒಲೆಯ ಫೋಟೊ ನೋಡಿದೆ. ಎಷ್ಟು ಚೆನ್ನಾಗಿ ಕಟ್ಟಿಸಿದ್ದೀಯೇ! ಬೋರ್ಡಿನಲ್ಲಿ ನಿನ್ನ ಹೆಸರಿನ ಪಕ್ಕ ನನ್ನ ಹೆಸರಿಗೆ ಜಾಗ ಬಿಟ್ಟಿರುವುದನ್ನೂ ನೋಡಿದೆ. ಆ ಪರದೇಶ ಇನ್ನು ಸಾಕು, ಕ್ರಿಸ್‌ಮಸ್ಸಿಗೆ ಊರಿಗೆ ಬಂದುಬಿಡು, ಬರುತ್ತೀಯೋ ಇಲ್ಲವೋ ಒಂದೇ ಮಾತಿನಲ್ಲಿ ಹೇಳು ಎಂದು ಗದರಿದ್ದೀಯ. ಒಂದೇ ಮಾತಿನಲ್ಲಿ ಹೇಳುವಂತಿದ್ದರೆ ಫೋನೇ ಮಾಡುತ್ತಿದ್ದೆ, ಮಾರಾಯ್ತಿ.

ಇಲ್ಲಿ ಕಿತ್ತಳೆ ಸುಗ್ಗಿ ಶುರುವಾಗಿದೆ. ಪ್ಯಾಕಿಂಗ್ ಶೆಡ್ಡಿನ ಬಾಗಿಲು ತೆರೆದ ಕೂಡಲೇ ಸಿಪ್ಪೆಯ ಘಾಟು ಮೂಗಿಗೆ ಬಡಿಯುತ್ತದೆ, ನಮ್ಮ ಮೊದಲ ಚಳಿಗಾಲ ನೆನಪಾಗುತ್ತದೆ. ರೊಮೇನಿಯಾದಿಂದ ಬಸ್ಸಿನಲ್ಲಿ ಬಂದಿಳಿದಾಗ ನಮ್ಮಿಬ್ಬರಿಗೂ ಇಲ್ಲಿನ ಭಾಷೆ ಒಂದಕ್ಷರ ಬರುತ್ತಿರಲಿಲ್ಲ. ಬೆಳಗಿನ ಬಿಡುವಿನಲ್ಲಿ ಎಲ್ಲರೂ ಮೊಟ್ಟೆ ತುಂಬಿದ ಉದ್ದನೆಯ ಬ್ರೆಡ್ಡು ಹಿಡಿದು ಆರಾಮಾಗಿ ಕೂತರೆ, ನಾವಿಬ್ಬರೇ ನಿಂತು ಪೆಟ್ಟಿಗೆ ತುಂಬುತ್ತಿದ್ದೆವು, ಒಳ್ಳೆಯ ಹೆಸರು ಬರಲಿ ಅಂತ. ಶೆಡ್ಡಿಗೆಲ್ಲ ಹಿರಿಯಳಾದ ಅಂಪಾರೊ ಬಂದು ನಿನ್ನ ಕೈಗವಸು ಕಿತ್ತೆಸೆದಳಲ್ಲ! "ಏನ್ರೇ, ನಮ್ಮ ಮಾನ ಕಳೀಬೇಕು ಅಂತಾನೇ ಬಂದಿದ್ದೀರಾ? ಕಿತ್ತಳೆ ಎಲ್ಲೂ ಓಡಿಹೋಗಲ್ಲ. ಕೂತ್ಕೊಂಡು ತಿನ್ರಿ!" ಅವಳು ಏನಂದಳು ಎಂಬುದು ನಮಗೆ ತಿಳಿದದ್ದು ಆಮೇಲೆ, ಬೈದಳು ಎಂಬುದು ಮಾತ್ರ ಆಗಲೇ ತಿಳಿಯಿತು. ಬೈದು ತನ್ನ ಬ್ರೆಡ್ಡನ್ನೇ ಮುರಿದು ಇಬ್ಬರಿಗೂ ಕೊಟ್ಟಳು.

ಮತ್ತೆ ಆ ಮೀನಿನ ಅಂಗಡಿ! ಅಲ್ಲೊಬ್ಬರು ಇಲ್ಲೊಬ್ಬರು ನಿಂತು ಹರಟುತ್ತಿದ್ದರು, ಸಾಲು ಅನ್ನುವುದೇ ಇರಲಿಲ್ಲ. ನಾವು ಮರ್ಯಾದಸ್ಥರ ಹಾಗೆ ಗೋಡೆಗೆ ಒರಗಿ ಕಾದೆವು. ನಮ್ಮ ನಂತರ ಬಂದವರೆಲ್ಲ ಮೀನು ಕಟ್ಟಿಸಿಕೊಂಡು ಹೋದರು. ಪರದೇಶದವರು ಅಂತ ತಾನೇ ನಮಗೆ ಹೀಗೆ ಮಾಡೋದು ಎಂದು ನೀನು ಕಣ್ಣೀರು ಹಾಕಿದೆ. ಈ ಊರಿನ ಮೀನು ಮುಟ್ಟಿದರೆ ಕೇಳು ಎಂದು ನಾನು ಶಪಥ ಮಾಡಿದೆ. ಅಷ್ಟರಲ್ಲಿ ಅಂಪಾರೊ ಬಂದಳು. ಬಾಗಿಲಲ್ಲೇ ನಿಂತು "ಕೊನೆ ಯಾರು?" ಎಂದು ಕೂಗಿದಳು. ಯಾರೋ "ನಾನು" ಎಂದರು. ಅಷ್ಟೇ, ಅವರ ಹಿಂದಿನ ಸರದಿ ಇವಳದಾಯಿತು. ನಮ್ಮನ್ನು ಕಂಡು ಅವಳಿಗೆ ಪಿತ್ತ ನೆತ್ತಿಗೇರಿತು. "ಕಂಬದ ಹಾಗೆ ನಿಂತ್ರೆ ನಿಮ್ಮನ್ನ ಯಾರು ನೋಡ್ತಾರೆ? ಬಾಯಿ ಬಿಟ್ಟು ಕೇಳ್ರೇ!" ಎಂದು ಹೊರಗೆ ತಳ್ಳಿ, ಮತ್ತೆ ಒಳಗೆ ಬರಮಾಡಿ, ಕೂಗಿಸಿಯೇ ಬಿಟ್ಟಳು. ನೀನು ಕೂಗಿದ್ದಕ್ಕೆ ಕೈಯೆತ್ತಿ "ನಾನೇ" ಎಂದವಳೂ ಅವಳೇ. ಆವತ್ತು ಹುರಿದ ಬೂತಾಯಿಯ ರುಚಿ ಇನ್ನೂ ನಾಲಿಗೆಯ ಮೇಲಿದೆ ಕಣೇ.

ನಿನ್ನ ಅಮ್ಮ ಹಾಸಿಗೆ ಹಿಡಿದರೆಂದು ನೀನು ವಾಪಸು ಹೊರಟಾಗ, ನಾನೂ ಹಿಂದೆಯೇ ಬರುತ್ತೇನೆ ಎಂದಿದ್ದೆ. ಸುಳ್ಳು ಹೇಳಿರಲಿಲ್ಲ. ಈ ಬೇಸಿಗೆಯಲ್ಲಿ ಊರಿಗೆ ಬಂದಾಗಲೂ ಬರುವ ಮನಸ್ಸೇ ಇತ್ತು. ಆದರೆ ಅಂಚೆ ಕಚೇರಿಯಲ್ಲಿ ಏನಾಯಿತು ಹೇಳು. ಜನ ಒಬ್ಬರ ಹಿಂದೊಬ್ಬರು ನೆಟ್ಟಗೆ ಸಾಲಾಗಿ ನಿಂತಿದ್ದರು. ನಾನು ಬಾಗಿಲಲ್ಲಿ ನಿಂತು "ಕೊನೆ ಯಾರು?" ಎಂದು ಕೂಗಿದೆ, ಅದೂ ಸ್ಪ್ಯಾನಿಷಿನಲ್ಲಿ. ಎಲ್ಲರೂ ತಿರುಗಿ ನೋಡಿದರು. "ನೋಡ್ರಪ್ಪಾ, ನಮ್ಮೂರಿಗೆ ಸ್ಪೇನಿನ ದೊರೆಸಾನಿ ಬಂದಿದ್ದಾಳೆ!" ಎಂದು ನೀನು ಹೊಟ್ಟೆ ಹಿಡಿದು ನಕ್ಕೆ. ನಾನೂ ನಕ್ಕೆ. ಸಂಜೆ ನೀನು ಪ್ರೀತಿಯಿಂದ ಮಾಡಿದ ಮೆಕ್ಕೆಜೋಳದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟೆ. ಹೊಟ್ಟೆ ಸರಿಯಿಲ್ಲ ಎಂದೆನಲ್ಲ, ಅದು ಸುಳ್ಳು. ಹುಟ್ಟಿದ ಊರಿನಲ್ಲಿ ಕೂತು ಈ ಶೆಡ್ಡು, ಈ ಗಲಾಟೆ, ಈ ಹೆಂಗಸರ ಬೈಗುಳ ಬೇಕು ಅನ್ನಿಸಿತ್ತು. ನಾಚಿಕೆಯಿಂದ ನಿನಗೆ ಹೇಳಲಿಲ್ಲ.

ಅಂಪಾರೊಗೆ ಈಗ ಮರೆವು. ಪಕ್ಕದ ಮನೆಯವರ ಹೆಸರು ಮರೆಯುತ್ತಾಳೆ, ಯಾವ ಮೀನು ಬೇಕೆಂದು ಬಂದಳೋ ಅದನ್ನೂ ಮರೆಯುತ್ತಾಳೆ. ಬಾಗಿಲಲ್ಲಿ ನಿಂತು ಕೇಳುವುದನ್ನು ಮಾತ್ರ ಮರೆತಿಲ್ಲ. ಪ್ರತಿ ಶುಕ್ರವಾರ ಮೀನಿನ ಅಂಗಡಿಯಲ್ಲಿ ಅವಳು ಬರುವವರೆಗೆ ನನ್ನ ಸರದಿಯನ್ನು ಬೇರೆಯವರಿಗೆ ಬಿಟ್ಟುಕೊಡುತ್ತ ಕಾಯುತ್ತೇನೆ. "ನಾನೇ ಅಂಪಾರೊ, ಬನ್ನಿ" ಎಂದು ಹೇಳಲು ಒಬ್ಬರು ಬೇಕಲ್ಲ. ಹೋದ ತಿಂಗಳು ನನ್ನ ಗಲ್ಲ ಹಿಡಿದು ನೋಡಿದಳು. "ಥೇಟ್ ನಿಮ್ಮಮ್ಮನ ಕಣ್ಣು ಕಣೇ ನಿಂಗೆ. ಇದೇ ಅಂಗಡೀಲಿ ಎಷ್ಟು ಸಲ ನಂಗೆ ಸರದಿ ಬಿಟ್ಟುಕೊಟ್ಟಿದ್ದಾಳೆ ಗೊತ್ತಾ? ಬಂಗಾರದಂಥ ಹೆಂಗ್ಸು."

ರೋದಿಕಾ, ನನ್ನ ಅಮ್ಮ ಸಮುದ್ರವನ್ನೇ ಕಂಡವಳಲ್ಲ. ನಮ್ಮೂರ ಚರ್ಚಿನ ಹಿಂದೆ ಮಣ್ಣಿನಲ್ಲಿ ಮಲಗಿರುವ ಅವಳಿಗೆ ಸ್ಪೇನ್ ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ನಾನು ತಿದ್ದಬೇಕಿತ್ತು. ತಿದ್ದಲಿಲ್ಲ. "ಹೌದು, ಅಮ್ಮ ನಿಮ್ಮನ್ನ ತುಂಬಾ ನೆನೆಸ್ಕೊಳ್ತಿದ್ದಳು" ಎಂದೆ. ಮೀನಿನ ಪೊಟ್ಟಣ ಹಿಡಿದು ಹೊರಗೆ ಬಂದು ಬಿಕ್ಕಿ ಬಿಕ್ಕಿ ಅತ್ತೆ. ನನ್ನ ಅಮ್ಮನಿಗೂ ಈ ಊರಿನಲ್ಲಿ ಒಂದು ಸರದಿ ಸಿಕ್ಕಿಬಿಟ್ಟಿತು. ಇನ್ನು ನಾನು ಎಲ್ಲಿಗೆ ಹೋಗಲಿ ಹೇಳು?

ನಾನು ಬರುವುದಿಲ್ಲ ಕಣೇ. ಬೋರ್ಡಿನ ಖಾಲಿ ಜಾಗದಲ್ಲಿ ಒಂದು ಹೂವು ಬರೆಸು. ಎಷ್ಟು ಬೇಕಾದರೂ ಬೈಯಿ, ಮಾತು ಮಾತ್ರ ಬಿಡಬೇಡ. ಹಬ್ಬಕ್ಕೆ ನಿನ್ನ ಹೊಸ ಒಲೆಯ ಆಕ್ರೋಟದ ಸಿಹಿ ರೊಟ್ಟಿ ಕಳಿಸುತ್ತೀಯಾ? ಕಳಿಸದಿದ್ದರೂ ಕಿತ್ತಳೆ ನಿನಗೆ ಬಂದೇ ಬರುತ್ತದೆ.

ನಿನ್ನ ಹಟಮಾರಿ,
ಸ್ಮರಾಂದಾ

ತಾ.ಕ.: ಮೊನ್ನೆ ಶುಕ್ರವಾರ ಅಂಪಾರೊ ಕೇಳಿದಳು, "ನಿನ್ನ ಅಕ್ಕ ಎಲ್ಲೇ? ಆ ಉದ್ದನೆಯವಳು, ಅಂಗಡಿ ಹಾರಿಹೋಗೋ ಹಾಗೆ ನಗ್ತಿದ್ದಳಲ್ಲ?" ನೀನು ಊರಿಗೆ ಹೋಗಿ ಎಷ್ಟೋ ವರ್ಷವಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಕಾಯುವಾಗ ಏನಾದರೂ ಕೆಲಸ ಬಿದ್ದರೆ, ಪಕ್ಕದವರಿಗೆ ಒಂದು ಮಾತು ಹೇಳಿ ಹೊರಗೆ ಹೋಗಿ ಬರುತ್ತಿದ್ದೆವಲ್ಲ, ಸರದಿ ಹಾಗೇ ಇರುತ್ತಿತ್ತಲ್ಲ? ಅದು ನೆನಪಾಯಿತು. "ಸ್ವಲ್ಪ ಹೊರಗೆ ಹೋಗಿದ್ದಾಳೆ, ನನ್ನ ಹಿಂದೆ ಅವಳೇ" ಎಂದೆ. ಅಂಪಾರೊ ಹೌದೌದೆಂದು ತಲೆಯಾಡಿಸಿ, ನಿನಗೆ ಜಾಗ ಬಿಟ್ಟು ಹಿಂದೆ ಸರಿದು ನಿಂತಳು.