ಇಲ್ಲ ಹೇಳುವ ಹೊತ್ತು

ಬೆಟಗೇರಿ, ಗದಗ
ಗಾಳಿಮಾಸ, ಹುಣ್ಣಿಮೆಯ ಮರುದಿನ
ಇಸವಿ ೨೨೮೬

ಪೂಜ್ಯ ಸುಮಂಗಲವ್ವನವರಿಗೆ, ನಿಮ್ಮ ವಂಶದಲ್ಲೇ ಬಹಳ ತಡವಾಗಿ ಹುಟ್ಟಿದ ನೀಲಗಂಗವ್ವ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ, ಕಣ್ಣು ಮಂಜಾಗಿಲ್ಲ, ಕನ್ನಡಕ ಒರೆಸುವುದೂ ಬೇಡ. ನೀವು ೨೦೨೦ರಲ್ಲಿ ಇದೇ ಊರಿನ ಒಂದು ಹಿತ್ತಲ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಕೂತಿದ್ದೀರಿ. ಊಟದ ತಾಟನ್ನು ಹೊಸ್ತಿಲಲ್ಲಿಟ್ಟು ಎಲ್ಲರೂ ಓಡಿಹೋಗುತ್ತಾರೆ. ಈ ಕಾಗದ ನಿಮ್ಮ ಕೈಗೆ ಮುಟ್ಟುವುದಿಲ್ಲ ಎಂಬುದು ನನಗೆ ಗೊತ್ತಿದೆ. ಆದರೆ ಸಂತೋಷವಾದಾಗ ಯಾರಿಗಾದರೂ ಬರೆಯಲೇಬೇಕು ಎನ್ನುವ ಚಪಲ ನನ್ನದು, ನಿನ್ನೆ ಸಂಜೆ ಅಷ್ಟು ಸಂತೋಷವಾಯಿತು. ನಡುನಡುವೆ ನೀವು ಕೇಳಿರದ ಪದಗಳು ಬಂದರೆ ಕ್ಷಮಿಸಿ. ಗಾಳಿಮಾಸ ಎಂದರೆ ನಿಮ್ಮ ಆಷಾಢವೇ. ಕಪ್ಪತಗುಡ್ಡದ ಗಾಳಿಕಂಬಗಳು ಆ ತಿಂಗಳು ಊರಿಗೆಲ್ಲ ಸಾಕಾಗಿ ಮಿಕ್ಕುವಷ್ಟು ಕರೆಂಟು ಕೊಡುವುದರಿಂದ ಅದರ ಹೆಸರೇ ಬದಲಾಯಿತು.

ನಮ್ಮ ಕಾಲದಲ್ಲಿಯೂ ಜ್ವರಗಳು ಬರುತ್ತವೆ. ಕೆಲವು ವರ್ಷಕ್ಕೊಮ್ಮೆ ಒಂದು ಊರಿಗೆ ಊರನ್ನೇ ಹಿಡಿಯುತ್ತವೆ. ನಿಮ್ಮಷ್ಟು ಕಂಗಾಲಾಗುವುದಿಲ್ಲ ಅಷ್ಟೇ. ಪ್ರತಿ ಮನೆಯ ಬಾಗಿಲಲ್ಲಿ ಹೊಸ್ತಿಲುನೀರು ಇರುತ್ತದೆ, ಅಂದರೆ ಒಂದು ಕಲ್ಲಿನ ಬಾನಿ, ಪಕ್ಕದಲ್ಲಿ ಅಂಟುವಾಳದ ನೊರೆ. ಕೈ ತೊಳೆಯದೆ ಒಳಗೆ ಬಂದವನು ಮಂತ್ರಿಯಾದರೂ ನಮ್ಮ ಓಣಿಯ ಹೆಂಗಸರು ಅವನ ಮಾನ ಉಳಿಸುವುದಿಲ್ಲ. ಕೆಮ್ಮು ನೆಗಡಿ ಇದ್ದವರು, ಅವರ ಆರೈಕೆ ಮಾಡುವವರು ಉಸಿರುಬಟ್ಟೆ ಕಟ್ಟುತ್ತಾರೆ, ನೀವು ಮಾಸ್ಕ್ ಎನ್ನುತ್ತಿದ್ದಿರಿ. ಇಲ್ಲಿಯ ನೇಕಾರರು ಸೀರೆಯ ಸೆರಗಿಗೆ ಹೊಂದುವ ಹಾಗೆ ನೇಯುತ್ತಾರೆ. ಮದುವೆಯಲ್ಲಿ ಬೀಗರಿಗೆ ಉಸಿರುಬಟ್ಟೆಯ ಉಡುಗೊರೆ ಕೊಡಲೇಬೇಕು, ಕೊಟ್ಟರೆ ಹೊಲಿಗೆ ಸರಿಯಿಲ್ಲವೆಂದು ಮುಖ ಊದಿಸಿಕೊಳ್ಳುವವರು ಇದ್ದೇ ಇರುತ್ತಾರೆ. ಬೀಗರು ಯಾವ ಶತಮಾನದಲ್ಲಿಯೂ ಬದಲಾಗುವುದಿಲ್ಲ ಎಂದು ತಿಳಿಸಲು ವಿಷಾದವಾಗುತ್ತದೆ. ಜ್ವರ ಬಂದವರನ್ನು ನಾವು ಹಿತ್ತಲಿಗೆ ಹಾಕುವುದಿಲ್ಲ. ಮನೆಯ ಒಳ್ಳೆಯ ಕೋಣೆ ಅವರದು. ಅದಕ್ಕೆ ಮುಂಗೋಣೆ ಎನ್ನುತ್ತೇವೆ, ಓಣಿಯ ಕಡೆಗೆ ದೊಡ್ಡ ಕಿಟಕಿ, ಕಿಟಕಿಯಿಂದ ನಾಲ್ಕು ಮಾರು ದೂರದಲ್ಲಿ ಬಂದವರು ಕೂರಲು ಕಟ್ಟೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಾನು ಶಾಲೆಯಲ್ಲಿ ಹಳೆಗಾಲದ ಪಾಠ ಹೇಳುವವಳು. ನಿಮ್ಮ ಕಾಲದ ಸಾವಿರಾರು ಧ್ವನಿಗಳು ನಮ್ಮಲ್ಲಿ ಉಳಿದಿವೆ, ಅವುಗಳಲ್ಲಿ ನಿಮ್ಮದೂ ಒಂದು. ಮಗಳಿಗೆ ಫೋನಿನಲ್ಲಿ ಕಳಿಸಿದ್ದು: "ನಾ ಆರಾಮ ಅದೀನವಾ, ನನ್ನ ಚಿಂತಿ ಮಾಡಬ್ಯಾಡ. ನೀ ಉಂಡಿ ಇಲ್ಲೋ?" ಎಲ್ಲ ಧ್ವನಿಗಳಲ್ಲೂ ಹೀಗೇ, ಆರಾಮ, ಆರಾಮ, ಎಲ್ಲಾರೂ ಆರಾಮ. ನಮ್ಮ ಹಿಂದಿನ ಪಂಡಿತರು ಇದನ್ನೆಲ್ಲ ಕೇಳಿ, ಆ ರೋಗದ ಕಾಲದ ಜನ ಬಹಳ ನೆಮ್ಮದಿಯಿಂದ ಇದ್ದರು ಎಂದು ಪುಸ್ತಕದಲ್ಲಿ ಬರೆದುಬಿಟ್ಟರು! ಎಷ್ಟೋ ವರ್ಷ ಮಕ್ಕಳು ಅದನ್ನೇ ಬಾಯಿಪಾಠ ಮಾಡಿದರು. ನನ್ನ ಅಜ್ಜಿಯ ಕಾಲದಲ್ಲಿ ಒಣಜ್ವರ ಬಂದಾಗ ಜನ ನಿಮ್ಮನ್ನೇ ಮಾದರಿ ಮಾಡಿಕೊಂಡು ಮುಚ್ಚಿದ ಬಾಗಿಲಿನ ಹಿಂದಿನಿಂದ ಆರಾಮ ಎಂದರು. ಜ್ವರ ಬಿಟ್ಟ ಮೇಲೂ ಎಷ್ಟೋ ಜನ ಕೋಣೆಯಿಂದ ಹೊರಗೆ ಬರಲೇ ಇಲ್ಲ. ಉಣ್ಣಲಿಲ್ಲ, ಮಾತಾಡಲಿಲ್ಲ, ಕೆಲವರು ಹಾಗೆಯೇ ಹೋಗಿಬಿಟ್ಟರು. ಆಗ ಹಿರಿಯರಿಗೆ ಹೊಳೆಯಿತು, ನಮ್ಮ ಕಡೆ ರೋಗ ಬಂದರೂ "ಆರಾಮಿಲ್ಲ" ಎನ್ನುತ್ತೇವೆ, ಮನಸ್ಸು ಕೆಟ್ಟರೂ ಅದೇ ಮಾತು. ಒಂದೇ ಪದಕ್ಕೆ ಎರಡು ಹೊರೆ ಹೊರಿಸಿದ್ದೇವೆ, ಒಂದು ಇಳಿದರೆ ಇನ್ನೊಂದೂ ಇಳಿಯಿತು ಎಂದುಕೊಳ್ಳುತ್ತೇವೆ.

ಅಂದಿನಿಂದ ಜ್ವರದ ಕಾಲದಲ್ಲಿ ಆರಾಮ ಎನ್ನುವುದು ನಿಷಿದ್ಧ. ದೀಪ ಹಚ್ಚುವ ಹೊತ್ತಿಗೆ ಓಣಿಯವರು ಕಟ್ಟೆಗೆ ಬಂದು ಮುಂಗೋಣೆಯಲ್ಲಿದ್ದವರನ್ನು "ಇವತ್ತೇನಿಲ್ಲ?" ಎಂದು ಕೇಳುತ್ತಾರೆ. ಇದಕ್ಕೆ ಇಲ್ಲಹೊತ್ತು ಎಂದು ಹೆಸರು. ಒಳಗಿದ್ದವರು ಒಂದಾದರೂ ಇಲ್ಲವನ್ನು ಹೇಳಬೇಕು. ನಾಲಿಗೆಗೆ ರುಚಿ ಇಲ್ಲ, ನಿದ್ದೆ ಇಲ್ಲ, ಸೊಸೆಗೆ ಸಾರು ಮಾಡಲು ಬರುವುದಿಲ್ಲ, ಏನಾದರೂ ಸರಿ. ಕೇಳಿದವರು ಸಮಾಧಾನ ಹೇಳುವ ಹಾಗಿಲ್ಲ, ಹಾಂ ಎನ್ನಬೇಕು, ಕೂತಿರಬೇಕು. ಉಪದೇಶ ಮಾಡಿದವರನ್ನು ಕಟ್ಟೆಯಿಂದ ಎಬ್ಬಿಸಿ ಕಳಿಸುವುದುಂಟು, ನನ್ನನ್ನೇ ಎರಡು ಸಲ ಎಬ್ಬಿಸಿದ್ದಾರೆ. ಮೇಷ್ಟ್ರ ಬುದ್ಧಿ, ಏನು ಮಾಡಲಿ.

ನನ್ನ ಯಜಮಾನರು ಮುರಿಗೆಪ್ಪನವರು ಈ ತಿಂಗಳು ಮುಂಗೋಣೆ ಸೇರಿದರು. ಗಾಳಿಕಂಬದ ತುದಿಗೆ ಹತ್ತಿ ರಿಪೇರಿ ಮಾಡುವವರು, ಮೋಡ ಕೈಗೆ ಸಿಗುವಷ್ಟು ಎತ್ತರದಲ್ಲಿ ಕೂತು ಬುತ್ತಿ ಬಿಚ್ಚುವ ಮನುಷ್ಯ. ಹೋದ ವರ್ಷ ಇದೇ ಜ್ವರದಲ್ಲಿ ಅವರ ಜೊತೆಗಾರ ಫಕೀರಗೌಡ ತೀರಿಕೊಂಡಿದ್ದ. ಇವರ ಜ್ವರ ಬೇಗ ಇಳಿಯಿತು, ದೇಹಕ್ಕೆ ಏನೂ ಭಯವಿಲ್ಲ ಎಂದು ಡಾಕ್ಟರು ಹೇಳಿದರು. ಆದರೂ ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಈ ಕಡೆ ತಿರುಗಲೇ ಇಲ್ಲ. ತಾಟು ಇದ್ದ ಹಾಗೇ ವಾಪಸು ಬರುತ್ತಿತ್ತು. ಒಣಜ್ವರದ ಕಥೆಗಳನ್ನು ಪಾಠ ಮಾಡುವ ನನಗೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಗೊತ್ತಿತ್ತು. ಸಂಜೆ ಓಣಿಯೆಲ್ಲ ಸೇರಿ ಇವತ್ತೇನಿಲ್ಲ ಎಂದು ಕೇಳಿದರೆ ಇವರ ಉತ್ತರ ಒಂದೇ: "ಏನಿಲ್ಲ." ನೋಡಿದಿರಾ ನಮ್ಮ ಭಾಷೆಯ ತುಂಟತನ! ಹಿರಿಯರು ಆರಾಮ ಎನ್ನುವುದನ್ನು ನಿಲ್ಲಿಸಿದರು, ಆದರೆ ಪ್ರಶ್ನೆಯೊಳಗೇ ತಪ್ಪಿಸಿಕೊಳ್ಳುವ ಕಿಂಡಿ ಬಿಟ್ಟರು. ನಿಯಮದ ಪ್ರಕಾರ ಇಲ್ಲ ಎಂದಿದ್ದಾರೆ, ಯಾರೂ ಬೈಯುವ ಹಾಗಿಲ್ಲ. ನನಗೆ ಮಾತ್ರ ಸಿಟ್ಟು, ಅಳು ಎರಡೂ ಬರುತ್ತಿದ್ದವು.

ನಿನ್ನೆ ಎದುರುಮನೆಯ ರಜಿಯಾಬಿ ಒಬ್ಬಳೇ ಮುಂಚೆಯೇ ಬಂದು ಕಟ್ಟೆಯ ಮೇಲೆ ಕೂತಳು. ಏನನ್ನೂ ಕೇಳಲಿಲ್ಲ. ನಮ್ಮವರು ಕೇಳದಿದ್ದರೂ ತನ್ನದನ್ನೇ ಹೇಳತೊಡಗಿದಳು: "ಅಣ್ಣಾರ, ನಮ್ಮ ಮನ್ಯಾಗ ಇವತ್ತ ನಗೂದ ಇಲ್ಲ ನೋಡ್ರಿ. ನೀವು ಕಂಬದಿಂದ ಇಳದ ಬಂದು ನಮ್ಮ ಹುಡುಗೂರಿಗೆ ಸುಳ್ಳಪಳ್ಳ ಕಥಿ ಹೇಳ್ತಿದ್ರಿ, ಈಗ ಹೇಳಾವ್ರು ಯಾರೂ ಇಲ್ಲ. ನನಗ ಭಾಳ ಬ್ಯಾಸರ ಆಗೇತಿ." ಓಣಿಯವರು ಒಬ್ಬೊಬ್ಬರಾಗಿ ಬಂದು ಕೂತರು, ಯಾರೂ ಪ್ರಶ್ನೆ ಎತ್ತಲಿಲ್ಲ. ಕಿಟಕಿಯಾಚೆ ಮಂಚ ಕಿರ್ರೆಂದಿತು. ನಮ್ಮವರು ಎದ್ದು ಕೂತು, ಸರಳು ಹಿಡಿದುಕೊಂಡು, ತಲೆ ತಗ್ಗಿಸಿಯೇ ಅಂದರು: "ಹೆದರಿಕಿ ಆಗೈತಿ ಅಂತ ಹೇಳಾಕ ನನಗ ಧೈರ್ಯ ಇಲ್ಲ."

ಎಲ್ಲರೂ ಹಾಂ ಎಂದರು. ನಾನು ಉಸಿರುಬಟ್ಟೆಯೊಳಗೇ ಅತ್ತೆ, ಅದು ತೊಯ್ದು ಮೂಗಿಗೆ ಅಂಟಿ ಅವಾಂತರವಾಯಿತು. ಸ್ವಲ್ಪ ಹೊತ್ತಿಗೆ ಅವರು ರೊಟ್ಟಿ ಕೇಳಿದರು, ಜೊತೆಗೆ ಚಟ್ನಿಪುಡಿ ಇರಲೆಂದರು. ಇಂದು ಬೆಳಗ್ಗೆ ಕಿಟಕಿಯಿಂದ ರಜಿಯಾಬಿಯ ಮಕ್ಕಳಿಗೆ ಹಸಿ ಸುಳ್ಳೊಂದು ಹೇಳುತ್ತಿದ್ದರು. ಅದನ್ನು ಕೇಳುತ್ತಲೇ ಇದನ್ನು ಬರೆಯುತ್ತಿದ್ದೇನೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ ಇದೆ. ಕೈ ತೊಳೆಯುತ್ತೀರಿ, ಬಟ್ಟೆ ಕಟ್ಟುತ್ತೀರಿ, ದೂರ ಇರುತ್ತೀರಿ, ಅದೆಲ್ಲ ಸರಿ, ಬಿಡಬೇಡಿ. ನೀವು ಹಾಗೆ ಮಾಡಿದ್ದಕ್ಕೇ ನಾವಿದ್ದೇವೆ. ಆದರೆ ಇವತ್ತು ಸಂಜೆ ಮಗಳ ಫೋನು ಬರುತ್ತದೆ. ಆರಾಮ ಅದೀಯೇನವಾ ಎಂದು ಕೇಳುತ್ತಾಳೆ. ಒಮ್ಮೆ, ಒಂದೇ ಸಲ, ಇಲ್ಲ ಎನ್ನಿ. ಅವಳು ಹೆದರಿಕೊಳ್ಳುತ್ತಾಳೆಂದು ಅಂಜಬೇಡಿ. ಹೆದರಲಿ, ಅವ್ವಾ. ಹೆದರಿದರೆ ಅವಳು ಫೋನು ಇಡುವುದಿಲ್ಲ.

ನಿಮ್ಮ,
ನೀಲಗಂಗವ್ವ