ಒಂದೇ ಪ್ರತಿ

ಪ್ಯಾರಿಸ್, 16 ಏಪ್ರಿಲ್ 1894

ಮುದ್ದಿನ ತಂಗಿ ಸೊಲಾಂಜ್‌ಗೆ ಅಕ್ಕನ ಅಪ್ಪುಗೆ.

ನಿನ್ನ ಕಾಗದ ಬಂದು ತಿಂಗಳಾಯಿತು. ಬರೆಯಲು ಕೂತಾಗೆಲ್ಲ ಏನೋ ನೆಪ ಹುಡುಕಿ ಎದ್ದುಬಿಡುತ್ತಿದ್ದೆ, ಮುನಿಸಿಕೊಳ್ಳಬೇಡ. ಮಗಳನ್ನು ಮಣ್ಣು ಮಾಡಿ ಬಂದ ಮೇಲೆ ನೀನು ಕೇಳಿದ್ದು ಒಂದೇ: ಕಳೆದ ಬೇಸಿಗೆಯಲ್ಲಿ ನಿನ್ನ ಭಾವ ನಮ್ಮ ಕಿಟಕಿಯ ಬಳಿ ತೆಗೆದ ನಿನೆತ್‌ಳ ಫೋಟೋದ ಒಂದು ಪ್ರತಿ. ಅವಳದ್ದು ಬೇರೆ ಫೋಟೋ ಇಲ್ಲವೆಂದು ನನಗೂ ಗೊತ್ತು.

ಮೊದಲು ಆ ಫೋಟೋದ ಕಥೆ ಕೇಳು. ಇವರ ಹುಚ್ಚು ನಿನಗೆ ತಿಳಿದದ್ದೇ. ಮದುಮಕ್ಕಳನ್ನೂ ಬೊಜ್ಜಿನ ವರ್ತಕರನ್ನೂ ಕೂರಿಸಿ ಫೋಟೋ ತೆಗೆದು ಹೊಟ್ಟೆ ಹೊರೆಯುತ್ತಿದ್ದರೂ ಕಲಾವಿದ ಅನ್ನಿಸಿಕೊಳ್ಳಬೇಕು. ಜನವರಿಯಲ್ಲಿ ಫೋಟೋಗಳನ್ನು ಕಲೆಯೆಂದೇ ತೂಗುಹಾಕುವ ಪ್ರದರ್ಶನವೊಂದು ನಡೆಯಿತು. ಆರಿಸುವವರು ಮಾತ್ರ ಚಿತ್ರಕಾರರು! ಅದಕ್ಕೆ ಮುಂಚೆ ಅವರಲ್ಲೊಬ್ಬ ಗಡ್ಡದವನು ನಮ್ಮ ಸ್ಟುಡಿಯೋಗೆ ಬಂದು ನಿನೆತ್‌ಳ ಫೋಟೋ ನೋಡಿ ಮೂಗು ಮುರಿದ.

"ರೆಪ್ಪೆಗೂದ್ಲು ಎಣಿಸ್ಬಹುದಲ್ಲಯ್ಯಾ! ಇದು ಯಂತ್ರದ ಕೆಲ್ಸ. ನಿನ್ನ ಕೈ ಎಲ್ಲಿದೆ ಇದ್ರಲ್ಲಿ? ನಾನು ಬರೆದ್ರೆ ಒಂದೇ ಚಿತ್ರ. ನೀನೋ, ಆ ಗಾಜಿನ ನೆಗೆಟಿವ್ ಇರೋವರ್ಗೂ ಬ್ರೆಡ್ ಬೇಯಿಸಿದ ಹಾಗೆ ತೆಗೀತಾನೇ ಇರ್ತೀಯ."

ಇವರು ಹಟ ಹಿಡಿದರು. ಕಾಗದಕ್ಕೆ ಅಂಟು, ಬಣ್ಣ ಬಳಿದು ಅದೇ ನೆಗೆಟಿವ್‌ನಿಂದ ಚಿತ್ರ ಮೂಡಿಸಿ, ಹಸಿಯಿರುವಾಗಲೇ ಕುಂಚದಿಂದ ತಿದ್ದಿದರು. ಕಿಟಕಿ ಮಂಜಾಯಿತು, ಮಗುವಿನ ಮುಖವೂ ಮಂಜಾಯಿತು.

"ಮೂಗೆಲ್ರೀ ಮಗೂಗೆ?" ಎಂದೆ.

"ನಿಂಗೇನು ಗೊತ್ತಾಗುತ್ತೆ, ಸುಮ್ನಿರೆ. ಅದೇ ಕಲೆ."

ಅದೇ ಗಡ್ಡದವನು "ಇದ್ದಿಲಲ್ಲಿ ಬರೆದ ಹಾಗಿದೆ, ಭೇಷ್!" ಎಂದು ಬೆನ್ನು ತಟ್ಟಿದ. ಅಂದು ಇವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನಗೂ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ. ಚಿತ್ರವನ್ನು ರೇಷ್ಮೆ ವರ್ತಕರೊಬ್ಬರು ಕೊಂಡರು.

ನಿನ್ನ ಕಾಗದ ಬಂದ ಮೇಲೆ ಅವರ ಮನೆಗೆ ಹೋಗಿದ್ದೆ. ಯಜಮಾನಿ ಒಳ್ಳೆಯವಳೇ, ಕಾಫಿ ಕೊಟ್ಟಳು. "ಅಯ್ಯೋ, ಅದ್ರಲ್ಲಿ ಹುಡುಗಿ ಇದಾಳಾ? ನಾನು ಪರದೆ ಅಂದ್ಕೊಂಡಿದ್ದೆ" ಎಂದಳು. ಅಲ್ಲೇ ಅತ್ತುಬಿಟ್ಟೆ, ಸೊಲಾಂಜ್. ಅದನ್ನು ಕೇಳಿ ತಂದರೂ ನಿನಗೇನು ಸುಖ?

ಇವರು ಈಗ ಕುಂಚ ಮುಟ್ಟುವುದಿಲ್ಲ. ಪತ್ರಿಕೆಯವರು ಹೊಗಳಿ ಬರೆದದ್ದನ್ನೂ ಒಲೆಗೆ ಹಾಕಿದರು. ದೇವಮಾತೆ ನಿನ್ನನ್ನು ಕಾಯಲಿ. ಊಟ ಬಿಡಬೇಡ.

ನಿನ್ನ ಅಕ್ಕ,
ಲಿಯೋನಿ

ಕೊನೆಗೊಂದು ಮಾತು: ನೆಗೆಟಿವ್‌ನಿಂದ ಇನ್ನೊಂದು ಪ್ರತಿ ತೆಗೆಯಬಹುದಲ್ಲ ಎಂದು ನೀನು ಕೇಳುತ್ತೀಯ. ಪ್ರದರ್ಶನದ ಹಿಂದಿನ ದಿನ, ಚಿತ್ರಕಾರರ ಚಿತ್ರದ ಹಾಗೆ ಇದೂ ಲೋಕಕ್ಕೆ ಒಂದೇ ಇರಲಿ ಎಂದು ಇವರು ಆ ಗಡ್ಡದವನ ಎದುರಿಗೇ ಮೊದಲು ತೆಗೆದಿದ್ದ ಪ್ರತಿಯನ್ನು ಹರಿದು, ಆ ಗಾಜನ್ನೂ ಒಡೆದುಹಾಕಿದರು. ಆಗ ನಿನೆತ್ ನಿಮ್ಮ ಮನೆಯಲ್ಲಿ ಕುಣಿದಾಡಿಕೊಂಡಿದ್ದಳು. "ಬೇಸ್ಗೇಲಿ ಬರ್ತಾಳಲ್ಲ, ಇನ್ನೊಂದು ತೆಗೆದ್ರಾಯ್ತು" ಎಂದಿದ್ದರು. ಮುಖವೆಲ್ಲ ಪುಡಿಪುಡಿ. ಮೇಜಿನ ಹಿಂದೆ ಸಿಕ್ಕಿದ್ದು ಅವಳ ಜಡೆಯಿರುವ ಚೂರೊಂದೇ, ಹತ್ತಿಯಲ್ಲಿ ಸುತ್ತಿ ಕಳಿಸಿದ್ದೇನೆ. ಬೆಳಕಿಗೆ ಹಿಡಿದು ನೋಡು. ನೆಗೆಟಿವ್‌ನಲ್ಲಿ ಕಪ್ಪೆಲ್ಲ ಬಿಳಿ. ನಮ್ಮ ನಿನೆತ್‌ಳ ಜಡೆ ಅಜ್ಜಿಯರ ಜಡೆಯ ಹಾಗೆ ಬೆಳ್ಳಗಿದೆ.